ಹಾಸ್ಟೆಲ್, ಪಿ.ಜಿ., ಬಾಡಿಗೆ ಮನೆ: ಬೆಂಗಳೂರಿನ ಸಂಶೋಧನಾ ವಿದ್ಯಾರ್ಥಿಗೆ ಯಾವುದು ಗಿಟ್ಟುತ್ತದೆ?

ಸೀಟು ಸಿಕ್ಕಿದ ಕೂಡಲೇ ಎಲ್ಲರೂ ಕೇಳುವುದು ಹಾಸ್ಟೆಲ್ ಫೀಸ್ ಎಷ್ಟು ಅಂತ. ಅದಕ್ಕೂ ಮೊದಲು ನಿಮ್ಮ ಫೆಲೋಶಿಪ್ಪಿಗೆ ಮನೆ ಬಾಡಿಗೆ ಭತ್ಯೆ ಉಂಟೋ ಇಲ್ಲವೋ ನೋಡಿಕೊಳ್ಳಿ. ಅರ್ಧ ತೀರ್ಮಾನ ಅಲ್ಲಿಗೇ ಆಗಿಹೋಗುತ್ತದೆ.

ಯುಜಿಸಿ ಅಥವಾ ಸಿಎಸ್‌ಐಆರ್ ಕೊಡುವ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಇದ್ದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎಸ್‌ಆರ್‌ಎಫ್ (ಹಿರಿಯ ಫೆಲೋಶಿಪ್) ಆದ ಮೇಲೆ 42,000. ಅದರ ಮೇಲೆ ಕೇಂದ್ರ ಸರ್ಕಾರದ ದರದಲ್ಲಿ ಎಚ್‌ಆರ್‌ಎ, ಅಂದರೆ ಮನೆ ಬಾಡಿಗೆ ಭತ್ಯೆ. ಬೆಂಗಳೂರು ಎಕ್ಸ್ ದರ್ಜೆಯ, ಅಂದರೆ ಭತ್ಯೆಯ ದರ ಅತಿ ಹೆಚ್ಚಿರುವ ನಗರ. ತುಟ್ಟಿಭತ್ಯೆ ಶೇ 50 ಮುಟ್ಟಿದ ಮೇಲೆ, ಅಂದರೆ 2024ರ ಜನವರಿಯಿಂದ, ಇಲ್ಲಿನ ದರ ಶೇ 30. ಆ ಲೆಕ್ಕದಲ್ಲಿ 37,000ಕ್ಕೆ 11,100 ರೂಪಾಯಿ. ಸಂಸ್ಥೆಯೇ ಹಾಸ್ಟೆಲ್ ಕೊಟ್ಟರೆ ಈ ಹಣ ಇಲ್ಲ. ಯುಜಿಸಿ ನಿಯಮದಂತೆ ಆಗ ಹಾಸ್ಟೆಲ್ ಶುಲ್ಕವನ್ನಷ್ಟೇ ವಾಪಸು ಪಡೆಯಬಹುದು. ಮೆಸ್, ಕರೆಂಟು, ನೀರಿನ ಖರ್ಚು ನಿಮ್ಮದೇ. ಇನ್ನು ಗೇಟ್ ಅಂಕದ ಮೇಲೆ ಎಂ.ಟೆಕ್. ಸೇರಿದವರಿಗೆ ಸಿಗುವುದು 12,400 ರೂಪಾಯಿ. ಅದಕ್ಕೆ ಬಾಡಿಗೆ ಭತ್ಯೆ ಇಲ್ಲ.

ಒಂದು ಮಾದರಿ ಲೆಕ್ಕ ಹಾಕೋಣ. ಮೊತ್ತಗಳು ತಿಳಿವಳಿಕೆಗೆ ಹಿಡಿದವು, ನಿಮ್ಮ ಸಂಸ್ಥೆಯವನ್ನು ಹಾಕಿಕೊಳ್ಳಿ. ಹಾಸ್ಟೆಲ್ಲಿನಲ್ಲಿ ಕೋಣೆಗೆ 1,500, ಕರೆಂಟು-ನೀರಿಗೆ 400, ಮೆಸ್ಸಿಗೆ 3,600, ಹೊರಗಿನ ತಿಂಡಿ-ಕಾಫಿಗೆ 1,000: ಒಟ್ಟು 6,500. ಕೋಣೆಯ ದುಡ್ಡು ವಾಪಸು ಬಂದರೆ 5,000. ಮೂವರು ಸೇರಿ 27,000ದ ಮನೆ ಹಿಡಿದರೆ ತಲಾ 9,000, ಮೆಂಟೇನೆನ್ಸ್-ನೀರು-ಇಂಟರ್ನೆಟ್ 1,200, ಊಟ 5,500: ಒಟ್ಟು 15,700. ಇದರಲ್ಲಿ 11,100 ಕಳೆದರೆ ಕೈಯಿಂದ ಹೋಗುವುದು 4,600. ಅಂದರೆ ಜೆಆರ್‌ಎಫ್ ಇದ್ದವರಿಗೆ ಎರಡೂ ಹೆಚ್ಚುಕಡಿಮೆ ಒಂದೇ. ಎಂ.ಟೆಕ್. ವಿದ್ಯಾರ್ಥಿಗೆ ಅದೇ ಮನೆಯ ಖರ್ಚು ಸ್ಟೈಪೆಂಡನ್ನೇ ದಾಟಿಹೋಗುತ್ತದೆ. ಅವರು ಹಾಸ್ಟೆಲ್ ಸಿಕ್ಕರೆ ಎರಡನೇ ಯೋಚನೆ ಮಾಡಬಾರದು.

ಕಾಗದದ ಮೇಲೆ ಒಂದೇ ಅನ್ನಿಸಿದರೂ ಒಂದು ತೊಡಕಿದೆ. ಬಾಡಿಗೆ ಒಂದನೇ ತಾರೀಖಿಗೆ ಕೊಡಬೇಕು. ಭತ್ಯೆ ತಡವಾಗಿ, ಕೆಲವು ಸಲ ನಾಲ್ಕಾರು ತಿಂಗಳದ್ದು ಒಟ್ಟಿಗೆ ಬರುತ್ತದೆ. ಸೇರಿದ ಮೊದಲ ಕೆಲವು ತಿಂಗಳು ಫೆಲೋಶಿಪ್ಪೇ ಕೈಗೆ ಬರದಿರುವುದು ಮಾಮೂಲು. ಹಾಗಾಗಿ ಕೈಯಲ್ಲಿ ಇಡುಗಂಟಿಲ್ಲದವರು ಮೊದಲ ಸೆಮಿಸ್ಟರ್ ಹಾಸ್ಟೆಲ್ಲಿನಲ್ಲೇ ಇದ್ದು ಆಮೇಲೆ ಹೊರಬೀಳುವುದು ಕ್ಷೇಮ. ಎಚ್‌ಆರ್‌ಎ ಅರ್ಜಿಗೆ ಹಾಸ್ಟೆಲ್ಲಿನಲ್ಲಿ ಇಲ್ಲ ಎಂಬ ಸಂಸ್ಥೆಯ ಪತ್ರ ಬೇಕು. ಕೊಟ್ಟ ಕೋಣೆಯನ್ನು ಬೇಡವೆಂದವರಿಗೆ ಈ ಪತ್ರ ಕೊಡುತ್ತಾರೋ ಇಲ್ಲವೋ ಎಂಬುದನ್ನು ಕೋಣೆ ಬಿಡುವ ಮುನ್ನವೇ ಫೆಲೋಶಿಪ್ ವಿಭಾಗದಲ್ಲಿ ಕೇಳಿ, ಉತ್ತರವನ್ನು ಇಮೇಲಿನಲ್ಲೇ ಪಡೆದುಕೊಳ್ಳಿ.

ಮೆಸ್ ಲೆಕ್ಕ

ಹಾಸ್ಟೆಲ್ಲಿನ ವಿಷಯದಲ್ಲಿ ಜನ ಎಡವುವುದು ಕೋಣೆಯಲ್ಲಲ್ಲ, ಮೆಸ್ಸಿನಲ್ಲಿ. ಮೂರು ಪದ್ಧತಿಗಳಿವೆ: ಡಿವೈಡಿಂಗ್, ಫಿಕ್ಸೆಡ್, ಕೂಪನ್.

ಡಿವೈಡಿಂಗ್ ಅಂದರೆ ತಿಂಗಳ ಒಟ್ಟು ಖರ್ಚನ್ನು ಒಟ್ಟು ಊಟದ ದಿನಗಳಿಂದ (ಒಬ್ಬರು ಒಂದು ದಿನ ಉಂಡರೆ ಒಂದು) ಭಾಗಿಸುವುದು. 200 ಜನರ ಮೆಸ್ಸಿನಲ್ಲಿ ಒಂದು ತಿಂಗಳು 5,400 ಊಟದ ದಿನಗಳಾದವು ಎನ್ನಿ. ದಿನಸಿ-ತರಕಾರಿ-ಹಾಲಿಗೆ 4,86,000; ಅಡುಗೆಯವರ ಸಂಬಳ, ಗ್ಯಾಸು, ಸ್ವಚ್ಛತೆಗೆ 1,62,000. ದಿನಕ್ಕೆ 120 ರೂಪಾಯಿ ಬೀಳುತ್ತದೆ. ದಸರಾ ತಿಂಗಳಲ್ಲಿ ಜನ ಊರಿಗೆ ಹೋಗಿ ಊಟದ ದಿನಗಳು 3,600ಕ್ಕೆ ಇಳಿದರೆ ದಿನಸಿ ಖರ್ಚು 3,24,000ಕ್ಕೆ ಇಳಿಯುತ್ತದೆ, ಸಂಬಳ ಇಳಿಯುವುದಿಲ್ಲ. ಆಗ ದಿನಕ್ಕೆ 135. ಹಬ್ಬಕ್ಕೂ ಹೋಗದೆ ಲ್ಯಾಬಿನಲ್ಲಿ ಕೂತವರೇ ಹೆಚ್ಚು ತೆರುತ್ತಾರೆ! ಇದನ್ನು ಸರಿಪಡಿಸಲಿಕ್ಕೇ ಕೆಲವು ಮೆಸ್ಸುಗಳು ಸಂಬಳದ ಭಾಗವನ್ನು ಎಸ್ಟಾಬ್ಲಿಷ್‌ಮೆಂಟ್ ಶುಲ್ಕವೆಂದು ಊಟ ಮಾಡಿದವರು, ಮಾಡದವರು ಎಲ್ಲರ ಮೇಲೂ ಸಮನಾಗಿ ಹಾಕುತ್ತವೆ. ಅದು ನ್ಯಾಯವೇ, ಆದರೆ ರಿಬೇಟ್ (ಊಟ ಬಿಟ್ಟ ದಿನಗಳ ಕಡಿತ) ಸಿಕ್ಕಾಗ ದಿನದ ಪೂರ್ತಿ ದರ ಏಕೆ ಕಳೆಯಲಿಲ್ಲ ಎಂಬ ಜಗಳದ ಮೂಲವೂ ಅದೇ.

ಡಿವೈಡಿಂಗ್ ಮೆಸ್ಸಿನ ಊಟ ಸಾಮಾನ್ಯವಾಗಿ ಚೆನ್ನಾಗಿರುತ್ತದೆ, ಉಳಿಸಿದ ದುಡ್ಡು ಯಾರ ಜೇಬಿಗೂ ಹೋಗುವುದಿಲ್ಲವಲ್ಲ. ಕೆಡುವುದು ಎರಡು ಕಡೆ: ಗೆಸ್ಟ್ ಊಟವನ್ನು ಪುಸ್ತಕದಲ್ಲಿ ಬರೆಯದಿದ್ದರೆ, ಸ್ಟೋರಿನ ಉಗ್ರಾಣ ಲೆಕ್ಕವನ್ನು ವಿದ್ಯಾರ್ಥಿ ಪ್ರತಿನಿಧಿ ತಿಂಗಳ ಕೊನೆಗೆ ನೋಡದಿದ್ದರೆ. ಮೂರು ತಿಂಗಳ ದಿನದ ದರವನ್ನು ನೋಟಿಸ್ ಬೋರ್ಡಿನಲ್ಲಿ ಓದಿ. ರಜೆಯಿಲ್ಲದ ತಿಂಗಳಲ್ಲೂ ದರ ಏರಿಳಿಯುತ್ತಿದ್ದರೆ ಲೆಕ್ಕದಲ್ಲಿ ತೂತಿದೆ.

ಫಿಕ್ಸೆಡ್‌ನಲ್ಲಿ ಗುತ್ತಿಗೆದಾರನಿಗೆ ದಿನಕ್ಕಿಷ್ಟು ಎಂದು ವರ್ಷದ ಒಪ್ಪಂದ. ಬಿಲ್ ಬದಲಾಗುವುದಿಲ್ಲ, ತಟ್ಟೆ ಬದಲಾಗುತ್ತದೆ. ತೊಗರಿಬೇಳೆಗೂ ಟೊಮೆಟೊಗೂ ಬೆಲೆ ಏರಿದ ವಾರ ಸಾರು ತೆಳ್ಳಗಾಗಿ, ಪಲ್ಯ ಎಲೆಕೋಸಿನಿಂದ ಸೀಮೆಬದನೆಗೆ, ಸೀಮೆಬದನೆಯಿಂದ ಎಲೆಕೋಸಿಗೆ ಓಡಾಡುತ್ತದೆ. ಆದ್ದರಿಂದ ಒಪ್ಪಂದದಲ್ಲಿ ವಾರಕ್ಕೆ ಎಷ್ಟು ಸಲ ಕಾಳು, ಎಷ್ಟು ಮೊಟ್ಟೆ, ಮೊಸರು ಎಷ್ಟು ಮಿಲಿಲೀಟರ್ ಎಂದು ಬರೆದಿದೆಯೇ ನೋಡಬೇಕು. 'ಗುಣಮಟ್ಟದ ಆಹಾರ' ಎಂದಷ್ಟೇ ಬರೆದಿದ್ದರೆ ಪ್ರಶ್ನಿಸಲು ಏನೂ ಉಳಿಯುವುದಿಲ್ಲ.

ಕೂಪನ್ ಪದ್ಧತಿಯಲ್ಲಿ ತಿಂದಷ್ಟಕ್ಕೆ ದುಡ್ಡು, ಆದರೆ ಒಂದೊಂದು ಹೊತ್ತಿನ ದರ ಹೆಚ್ಚು. ತಿಂಡಿ 35, ಮಧ್ಯಾಹ್ನ 60, ರಾತ್ರಿ 60 ಎಂದಿದ್ದರೆ ದಿನಕ್ಕೆ 155. ಫಿಕ್ಸೆಡ್ 120 ಇದ್ದಾಗ, ದಿನಾ ಬೆಳಗಿನ ತಿಂಡಿ ಬಿಡುವವರಿಗೆ ಎರಡೂ ಸಮ. ತಿಂಡಿಯ ಜೊತೆಗೆ ಭಾನುವಾರದ ರಾತ್ರಿ ಊಟವನ್ನೂ ಬಿಡುವವರಿಗೆ ಕೂಪನ್ನೇ ಲಾಭ. ತಡವಾಗಿ ಏಳುವ ಪಿಎಚ್.ಡಿ. ಮಂದಿ ಬಹುತೇಕ ಇದೇ ಗುಂಪಿಗೆ ಸೇರುತ್ತಾರೆ ಅನ್ನುವುದು ನಮ್ಮ ಅಂದಾಜು.

ರಿಬೇಟ್ ನಿಯಮವನ್ನು ಸಹಿ ಹಾಕುವ ಮುಂಚೆ ಓದಿ. 48 ಗಂಟೆ ಮುಂಚೆ ತಿಳಿಸಬೇಕು, ಸತತ ಮೂರು ದಿನ ಗೈರಿರಬೇಕು, ತಿಂಗಳಿಗೆ ಇಂತಿಷ್ಟೇ ದಿನ ಎಂಬ ಷರತ್ತುಗಳು ಸಾಮಾನ್ಯ. ತುಮಕೂರು, ಮಂಡ್ಯ, ಕೋಲಾರದವರು ಶನಿವಾರ ಬೆಳಿಗ್ಗೆ ಹೋಗಿ ಸೋಮವಾರ ಬೆಳಿಗ್ಗೆ ಬರುತ್ತಾರೆ; ಎರಡೇ ದಿನವಾಯಿತು, ತಿಂಗಳಿಗೆ ನಾಲ್ಕು ಸಲ ಹೋದರೂ ಒಂದು ಪೈಸೆ ಕಡಿತವಿಲ್ಲ. ಬೀದರ್, ಕಲಬುರಗಿಯವರು ಅಪರೂಪಕ್ಕೆ ಹೋಗಿ ವಾರವಿಡೀ ಇದ್ದು ಬರುತ್ತಾರೆ, ಅವರಿಗೆ ಪೂರ್ತಿ ಸಿಗುತ್ತದೆ. ಹತ್ತಿರದ ಊರಿನವರು ಫಿಕ್ಸೆಡ್ ಮೆಸ್ಸಿಗೆ ಸೇರಬಾರದು ಎಂದು ನಾವು ಹೇಳುವುದು ಇದಕ್ಕೇ.

ಕ್ಯಾಂಪಸ್ಸಿನೊಳಗೆ ಇರುವುದರ ನಿಜವಾದ ಬೆಲೆ

ಹಾಸ್ಟೆಲ್ಲಿನ ದೊಡ್ಡ ಲಾಭ ರಾತ್ರಿ ಗೊತ್ತಾಗುತ್ತದೆ. ಉಪಕರಣದ ಸ್ಲಾಟ್ ಸಿಗುವುದು ರಾತ್ರಿ 11ಕ್ಕೆ, ಪ್ರಯೋಗ ಮುಗಿಯುವುದು 2ಕ್ಕೆ ಎಂದಾದರೆ ಹತ್ತು ನಿಮಿಷ ನಡೆದು ಕೋಣೆ ಸೇರುವುದಕ್ಕೂ ಹೆಬ್ಬಾಳದ ಫ್ಲೈಓವರ್ ದಾಟಿ ಆಟೊ ಹುಡುಕುವುದಕ್ಕೂ ಬಹಳ ಅಂತರ. ಜಕ್ಕೂರು, ಜಿಕೆವಿಕೆ ಕಡೆ ಮೆಟ್ರೊ ಇನ್ನೂ ಕಟ್ಟುತ್ತಿರುವುದರಿಂದ ಈ ಅಂತರ ಇನ್ನೂ ಹೆಚ್ಚು. ಯಶವಂತಪುರದ ಸುತ್ತ ಅಥವಾ ಜ್ಞಾನಭಾರತಿಯ ಕಡೆ ಹಸಿರು, ನೇರಳೆ ಮಾರ್ಗಗಳಿವೆ; ಎಲೆಕ್ಟ್ರಾನಿಕ್ ಸಿಟಿಗೆ 2025ರ ಆಗಸ್ಟಿನಿಂದ ಹಳದಿ ಮಾರ್ಗ. ಆದರೆ ಮೆಟ್ರೊ ರಾತ್ರಿ ಲ್ಯಾಬಿನವರಿಗೆ ಕಾಯುವುದಿಲ್ಲ. ಹಗಲು ಓಡಾಟ ಮಾತ್ರ ಇರುವ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಿಂದ ಬಿಎಂಟಿಸಿ ಸಾಮಾನ್ಯ ಬಸ್ಸು ಉಚಿತ, ಹೊರಗಿರುವ ಖರ್ಚಿನಲ್ಲಿ ಅಷ್ಟು ಕಡಿಮೆ.

ತೊಂದರೆಗಳೂ ನಿಯಮದಲ್ಲೇ ಅಡಗಿವೆ. ಕೋಣೆ ಶುಲ್ಕ ತಿಂಗಳಿಗಲ್ಲ, ಸೆಮಿಸ್ಟರಿಗೆ. ಮಧ್ಯದಲ್ಲಿ ಬಿಟ್ಟರೆ ಉಳಿದದ್ದು ಬರುವುದು ಕಷ್ಟ. ಇಂಡಕ್ಷನ್ ಒಲೆ, ನೀರು ಕಾಯಿಸುವ ಕಾಯಿಲ್ ಹಾಕುವುದು ಬಹುತೇಕ ಕಡೆ ನಿಷೇಧ. ಕಾರಣ ಸರಳ: ಇಂಡಕ್ಷನ್ ಒಲೆ ಒಂದೇ 1,800ರಿಂದ 2,000 ವಾಟ್ ಎಳೆಯುತ್ತದೆ, ಹಳೆಯ ಬ್ಲಾಕಿನ ವೈರಿಂಗಿಗೆ ಸಾಲಾಗಿ ನಾಲ್ಕು ಕೋಣೆಯ ಒಲೆ ತಡೆಯುವ ಶಕ್ತಿ ಇಲ್ಲ. ಒಮ್ಮೆ ಕೋಣೆ ಬಿಟ್ಟವರು ಮತ್ತೆ ಕೇಳಿದರೆ ಪಟ್ಟಿಯ ಕೊನೆಗೆ ಹೋಗುತ್ತಾರೆ.

ಪಿ.ಜಿ.

ಪಿ.ಜಿ. ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಡು-ಮೂರು ತಿಂಗಳಿಗೆ ಸರಿ, ಐದು ವರ್ಷಕ್ಕಲ್ಲ. ವಾರದ ದಿನ ಮಧ್ಯಾಹ್ನದ ಊಟ ಇರುವುದಿಲ್ಲ, ಭಾನುವಾರ ರಾತ್ರಿಯದೂ ಹಲವು ಕಡೆ ಇಲ್ಲ, ಊಟ ಬಿಟ್ಟರೆ ಕಡಿತದ ಮಾತೇ ಇಲ್ಲ. ನೋಟಿಸ್ ಒಂದು ತಿಂಗಳು ಎನ್ನುತ್ತಾರೆ. ಆದರೆ ಒಂದನೇ ತಾರೀಖಿನೊಳಗೆ ಹೇಳದಿದ್ದರೆ ಮುಂದಿನ ಒಂದರಿಂದ ಲೆಕ್ಕ. 5ನೇ ತಾರೀಖು ಹೇಳಿದವರು ಸುಮಾರು ಎರಡು ತಿಂಗಳು ಕಟ್ಟುತ್ತಾರೆ. ಅಡ್ವಾನ್ಸಿನಲ್ಲಿ ಮೆಂಟೇನೆನ್ಸ್ ಎಂದು ಮುರಿದುಕೊಳ್ಳುವುದು ಬೇರೆ.

ಸೇರುವಾಗ ಕೇಳಲು ನಿಮಗೆ ಆಧಾರವಿದೆ. 2024ರಲ್ಲಿ ಬಿಬಿಎಂಪಿ ಹೊರಡಿಸಿದ ನಿಯಮದಂತೆ ಒಬ್ಬರಿಗೆ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಸಿಸಿಟಿವಿ, ಅಡುಗೆಮನೆಗೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆಯ) ಪರವಾನಗಿ ಇರಬೇಕು. ಮೂರು ಮಂಚದ ಕೋಣೆ 10 ಅಡಿ ಉದ್ದ, 12 ಅಡಿ ಅಗಲ ಇದ್ದರೆ 120 ಚದರ ಅಡಿಯಾಯಿತು, ನಿಯಮಕ್ಕೆ ಬೇಕಾದ್ದು 210. ಒಂದು ಟೇಪು ಹಿಡಿದುಕೊಂಡು ಹೋಗಿ. ಜಿಎಸ್‌ಟಿ ಸೇರಿಸಿ ಬಿಲ್ ಕೊಟ್ಟರೂ ಪ್ರಶ್ನಿಸಿ: ತಿಂಗಳಿಗೆ ತಲಾ 20,000 ರೂಪಾಯಿವರೆಗಿನ ವಸತಿಗೆ, ಸತತ 90 ದಿನ ಇದ್ದರೆ, 2024ರ ಜುಲೈಯಿಂದ ವಿನಾಯಿತಿ ಇದೆ.

ಸೇರಿ ಹಿಡಿಯುವ ಮನೆ

ಮತ್ತಿಕೆರೆ, ಗೋಕುಲ, ನಾಗರಭಾವಿಯ ಕಡೆ ಮೂವರು ಸೇರಿ ಎರಡು ಕೋಣೆಯ ಮನೆ ಮಾಡುವುದು ಜೆಆರ್‌ಎಫ್ ಇದ್ದವರಿಗೆ ನಮ್ಮ ಮೊದಲ ಆಯ್ಕೆ, ಎರಡನೇ ವರ್ಷದಿಂದ. ಅಡ್ವಾನ್ಸ್ ಮಾತ್ರ ಗಟ್ಟಿ ಪೆಟ್ಟು. 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆ ಎರಡು ತಿಂಗಳು ಸಾಕು ಎನ್ನುತ್ತದೆ, ಆದರೆ ಅದು ಮಾದರಿ ಅಷ್ಟೆ. ಇಲ್ಲಿ ಐದಾರು ತಿಂಗಳಿಂದ ಹತ್ತು ತಿಂಗಳವರೆಗೆ ಕೇಳುತ್ತಾರೆ. 27,000ದ ಮನೆಗೆ ಆರು ತಿಂಗಳೆಂದರೆ 1,62,000, ತಲಾ 54,000.

ಕರಾರು 11 ತಿಂಗಳದ್ದು. ಒಂದು ವರ್ಷ ಮೀರಿದ ಗುತ್ತಿಗೆಯಾದರೆ ನೋಂದಣಿ ಮಾಡಿಸಬೇಕಾಗುತ್ತದೆ ಎಂಬ ಕಾರಣಕ್ಕೆ ಈ ಲೆಕ್ಕ. ಮೂವರ ಹೆಸರೂ ಅದರಲ್ಲಿರಲಿ. ಒಬ್ಬರ ಹೆಸರಿನಲ್ಲಿ ಮಾತ್ರ ಇದ್ದರೆ ಉಳಿದಿಬ್ಬರಿಗೆ ಎಚ್‌ಆರ್‌ಎಗೆ ಕಾಗದವೇ ಇರುವುದಿಲ್ಲ, ಆ ಒಬ್ಬರು ಪೋಸ್ಟ್‌ಡಾಕ್‌ಗೆ ಹೊರಟರೆ ಮನೆಯೂ ಹೋದಂತೆ. ನಡುವೆ ಬಿಡುವವರ ಅಡ್ವಾನ್ಸನ್ನು ಹೊಸಬರು ನೇರ ಅವರಿಗೆ ಕೊಡಬೇಕು, ಮಾಲೀಕರಿಗಲ್ಲ ಎಂದು ಮೊದಲೇ ಮಾತಾಡಿಕೊಳ್ಳಿ. ಬಿಡುವಾಗ ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ವಾಡಿಕೆ. ಹೊಸ ಬಣ್ಣವೇ ಹೊಡೆಸದ ಮನೆಗೆ ಸೇರುವುದಾದರೆ ಆ ಸಾಲನ್ನು ಕರಾರಿನಿಂದ ತೆಗೆಸಿ.

ಕರೆಂಟಿಗೆ ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ, 200 ಯೂನಿಟ್ಟಿನ ಮಿತಿಯೊಳಗೆ ಆ ಮನೆಯ ಹಿಂದಿನ ಸರಾಸರಿ ಬಳಕೆಯ ಮೇಲೆ. ಹಿಂದಿನವರ ಆಧಾರ್ ಆ ಸಂಪರ್ಕಕ್ಕೆ ಜೋಡಿಸಿದ್ದರೆ ಅವರು ಡಿ-ಲಿಂಕ್ ಮಾಡಿಸದೆ ನಿಮ್ಮದು ಸೇರುವುದಿಲ್ಲ. ಕೀಲಿ ತೆಗೆದುಕೊಳ್ಳುವ ದಿನವೇ ಅದನ್ನು ಕೇಳಿ ಮುಗಿಸಿ. ನೀರಿನ ವಿಷಯದಲ್ಲಿ ಕಾವೇರಿ ಸಂಪರ್ಕ ಇದೆಯೇ, ಬೋರ್‌ವೆಲ್ ಮಾತ್ರವೇ, ಬೇಸಿಗೆಯಲ್ಲಿ ಟ್ಯಾಂಕರ್ ಬಂದರೆ ದುಡ್ಡು ಯಾರದು, ಈ ಮೂರು ಪ್ರಶ್ನೆ. 2024ರ ಬೇಸಿಗೆ ನೋಡಿದವರು ಇದನ್ನು ಮರೆಯುವುದಿಲ್ಲ.

ಅಡುಗೆಗೆ ವಿಳಾಸದ ಪುರಾವೆ ಇಲ್ಲದವರು ಗುರುತಿನ ಚೀಟಿ ತೋರಿಸಿ 5 ಕಿಲೋ ಛೋಟು ಸಿಲಿಂಡರ್ ತರಬಹುದು; ಕಿಲೋ ಲೆಕ್ಕಕ್ಕೆ ದುಬಾರಿ. ಕರಾರು ಕೈಗೆ ಬಂದ ಮೇಲೆ 14.2 ಕಿಲೋದ ಸಂಪರ್ಕ ಮಾಡಿಸಿ. ಮೂವರು ಎರಡು ಹೊತ್ತು ಬೇಯಿಸಿದರೆ ಅದು ಸುಮಾರು ಒಂದೂವರೆ ತಿಂಗಳು. ತಿಂಗಳಿಗೆ ಅಕ್ಕಿ 11 ಕಿಲೋ, ತೊಗರಿಬೇಳೆ ಮೂರೂವರೆ ಕಿಲೋ, ಎಣ್ಣೆ 3 ಲೀಟರ್, ದಿನಕ್ಕೆ ಒಂದು ಲೀಟರ್ ಹಾಲು. ಅಡುಗೆಗೆ ಅಕ್ಕನನ್ನು ಇಟ್ಟುಕೊಂಡರೆ ಒಂದು ಹೊತ್ತಿಗೆ ಇಡಿ: ಸಂಜೆ ಮಾಡಿದ ಸಾರು-ಪಲ್ಯ ಮರುದಿನದ ಡಬ್ಬಿಗೂ ಆಗುತ್ತದೆ. ಎರಡು ಹೊತ್ತಿಗೆ ಇಟ್ಟವರ ಮನೆಯಲ್ಲಿ ಬೆಳಿಗ್ಗೆ ಬಾಗಿಲು ತೆಗೆಯುವವರಾರು ಎಂಬುದೇ ಜಗಳ.

ಇನ್ನು ಪ್ರಬಂಧ ಸಲ್ಲಿಸಿ ವೈವಾಕ್ಕೆ ಕಾಯುವ ತಿಂಗಳುಗಳು. ಫೆಲೋಶಿಪ್ ನಿಂತಿರುತ್ತದೆ, ಹಾಸ್ಟೆಲ್ ಕೆಲವು ವಾರದ ಗಡುವು ಕೊಟ್ಟು ಖಾಲಿ ಮಾಡಿಸುತ್ತದೆ, 11 ತಿಂಗಳ ಕರಾರಿಗೆ ಸೇರುವ ಧೈರ್ಯವಿಲ್ಲ. ಪಿ.ಜಿ. ನಿಜವಾಗಿ ಉಪಯೋಗಕ್ಕೆ ಬರುವುದು ಆಗಲೇ. ಹಾಸ್ಟೆಲ್ ಬಿಡುವವರು ಮೆಸ್ ಮುಚ್ಚುವ ಅರ್ಜಿಯನ್ನು ತಿಂಗಳ ಕೊನೆಗೆ ಸರಿಯಾಗಿ ಕೊಡಿ. ಕೊನೆಯ ಬಿಲ್ ಮರುತಿಂಗಳು ಬರುತ್ತದೆ, ಅದು ಕಟ್ಟಿದ ಮೇಲೆಯೇ ನೋ-ಡ್ಯೂಸ್ (ಬಾಕಿ ಇಲ್ಲ ಎಂಬ ಪತ್ರ), ಆಮೇಲೆ ಠೇವಣಿ. ಆ ಹಣ ಬರುವ ಬ್ಯಾಂಕ್ ಖಾತೆಯನ್ನು ಅಲ್ಲಿಯವರೆಗೆ ಮುಚ್ಚಬೇಡಿ.