ಮನೆ ಅಡ ಇಟ್ಟವರೇ, ‘ಸ್ಟೇ ತರ್ತೀನಿ’ ಅನ್ನೋ ಸಲಹೆಗಾರರನ್ನು ನಂಬಬೇಡಿ

ಬಾಗಲಕೋಟೆ ಕಡೆಯವರು ದಯವಿಟ್ಟು ಪೂರ್ತಿ ಓದಿ. ಮನೆ ಅಡ ಇಟ್ಟು ಸಾಲ ತೆಗೆದು, ಕಂತು ನಿಂತು, ಬ್ಯಾಂಕಿನಿಂದ ನೋಟಿಸ್ ಬಂದವರು ನಿಮಗೆ ಗೊತ್ತಿದ್ದರೆ ಅವರಿಗೂ ಓದಿ ಹೇಳಿ. ಕಡಿಮೆ ಫೀಸಿಗೆ ಕಾನೂನು ಸಲಹೆ ಅಂತ ಬೋರ್ಡ್ ಹಾಕಿಕೊಂಡು ಕೂತವರಲ್ಲಿ ವಕೀಲರೇ ಅಲ್ಲದವರೂ ಇದ್ದಾರೆ. ಅಂಥ ಒಬ್ಬ ನನ್ನಿಂದ 18,000 ರೂಪಾಯಿ ತಿಂದಿದ್ದಾನೆ.

ಗುಳೇದಗುಡ್ಡದ ನಮ್ಮ ಮನೆ ನನ್ನ ಹೆಸರಲ್ಲಿದೆ. ಯಜಮಾನರ ಮಗ್ಗಕ್ಕೆ ಅಂತ ಅದರ ಮೇಲೆ ಸಾಲ ತೆಗೆದಿದ್ದೆವು. ಖಣದ ವ್ಯಾಪಾರ ಬಿತ್ತು, ಕಂತು ನಿಂತವು. ಬ್ಯಾಂಕಿನವರು ಸರ್ಫೇಸಿ ಕಾಯ್ದೆಯ 13(2) ನೋಟಿಸ್ ಕಳಿಸಿದರು. ಸಾಲ ಕಟ್ಟದಿದ್ದರೆ ಕೋರ್ಟಿಗೆ ಹೋಗದೇ ಅಡ ಇಟ್ಟ ಆಸ್ತಿ ವಶಕ್ಕೆ ತಗೊಳ್ಳೋಕೆ ಬ್ಯಾಂಕಿಗೆ ಅಧಿಕಾರ ಕೊಡುವ ಕಾಯ್ದೆ ಅದು. 60 ದಿನದೊಳಗೆ ಪೂರ್ತಿ ಬಾಕಿ ಕಟ್ಟಿ, ಇಲ್ಲಾಂದ್ರೆ ಮನೆ ಸ್ವಾಧೀನ. ದೊಡ್ಡ ವಕೀಲರ ಹತ್ತಿರ ಹೋಗುವಷ್ಟು ದುಡ್ಡು ನಮ್ಮಲ್ಲಿರಲಿಲ್ಲ. ಪರಿಚಯದವರೊಬ್ಬರು ನವನಗರದ ಈ ಮನುಷ್ಯನ ಹತ್ತಿರ ಕಳಿಸಿದರು.

ಗೋಡೆಯ ಮೊಳೆಗೆ ಕರಿ ಕೋಟು, ಮೇಜಿನ ತುಂಬ ಫೈಲು. ವಕೀಲರಲ್ಲ ಅಂತ ಯಾರು ತಾನೇ ಅಂದುಕೊಳ್ಳುತ್ತಾರೆ? ನೋಟಿಸ್ ಮೇಲೆ ಕಣ್ಣಾಡಿಸಿ, “ಅಕ್ಕಾರ, ಇದು ಬರೇ ಹೆದರ್ಸೋ ಕಾಗದ ರೀ. ಇಲ್ಲೇ ಸಿವಿಲ್ ಕೋರ್ಟಿನ್ಯಾಗ ಸ್ಟೇ ತರ್ತೀನಿ. ನೀವು ಬ್ಯಾಂಕಿನ ಕಡಿ ಹೋಗಬ್ಯಾಡ್ರಿ, ಒಂದು ರೂಪಾಯಿನೂ ಕಟ್ಟಬ್ಯಾಡ್ರಿ” ಅಂದ. ಖಾಲಿ ಬಾಂಡ್ ಪೇಪರಿಗೆ ನನ್ನ ಸಹಿ ಹಾಕಿಸಿಕೊಂಡ.

ಆಮೇಲೆ ಶುರುವಾಯಿತು. ಫೋನ್ ಮಾಡಿದರೆ “ಫೈಲ್ ಆಗೇತ್ರಿ.” ಮತ್ತೆ ಮಾಡಿದರೆ “ಸಾಹೇಬ್ರು ರಜಾದಾಗ ಅದಾರ್ರಿ.” ಕೇಸ್ ನಂಬರ್ ಕೊಡಿ ಅಂದರೆ “ನನ್ನ ಮ್ಯಾಲ ಭರೋಸಾ ಇಲ್ಲೇನ್ರಿ ಅಕ್ಕಾರ?” ಸ್ಟೇ ಬರ್ತದೆ, ಸ್ಟೇ ಬರ್ತದೆ, ಅದೊಂದೇ ಮಾತು.

ಬಂದದ್ದು ಬ್ಯಾಂಕಿನವರು. ಬಾಗಿಲಿಗೆ ಸ್ವಾಧೀನದ ನೋಟಿಸ್ ಅಂಟಿಸಿದರು. ಪೇಪರಿನಲ್ಲೂ ಹಾಕಿಸಿದರು, ನನ್ನ ಹೆಸರು, ಮನೆ ವಿವರ, ಬಾಕಿ ಎಷ್ಟು, ಎಲ್ಲ. ಓಣಿಯ ಮಂದಿ ನಿಂತು ಓದಿ ಹೋದರು. ಎಷ್ಟು ನಾಚಿಕೆ ಆಯಿತು ಅಂತ ಹೇಳಲಾರೆ. ಅವತ್ತು ಅವನು ವಾಟ್ಸಾಪಿನಲ್ಲಿ ‘ಸ್ಟೇ ಕಾಪಿ’ ಕಳಿಸಿದ. ಟೈಪ್ ಮಾಡಿದ ಒಂದು ಹಾಳೆ ಅಷ್ಟೇ. ನಂಬರ್ ಇಲ್ಲ, ತಾರೀಖು ಇಲ್ಲ, ಕೋರ್ಟಿನ ಸೀಲ್ ಇಲ್ಲ. ಸೀದಾ ಹೋಗಿ ಕೇಳಿದೆ. ಅವನು ಕೊಟ್ಟ ಉತ್ತರ ಕೇಳಿ: “ನಾ ವಕೀಲ ಅಂತ ನಿಮಗ ಯಾವಾಗ ಹೇಳೀನ್ರಿ? ನಾ ಸಲಹೆಗಾರ. ನೀವು ಕೊಟ್ಟಿದ್ದು ಸಲಹೆ ಫೀಸು.”

ನಿಂತಲ್ಲೇ ಮೈಯೆಲ್ಲ ಉರಿಯಿತು.

ಕೊನೆಗೆ ಜಿಲ್ಲಾ ಕೋರ್ಟಿನ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋದೆ. ಅಲ್ಲಿ ಕೊಟ್ಟ ವಕೀಲರು ಬಿಡಿಸಿ ಹೇಳಿದರು. ಸರ್ಫೇಸಿ ಕ್ರಮಕ್ಕೆ ಸಿವಿಲ್ ಕೋರ್ಟ್ ತಡೆ ಕೊಡುವ ಹಾಗೇ ಇಲ್ಲ, ಕಾಯ್ದೆಯ 34ನೇ ಕಲಂನಲ್ಲೇ ಹಾಗಿದೆ. ಅಂದರೆ ಅವನು ಹೇಳಿದ ಸ್ಟೇ ಯಾವತ್ತೂ ಬರುವಂಥದ್ದೇ ಅಲ್ಲ! ಆ 60 ದಿನದಲ್ಲಿ ಬ್ಯಾಂಕಿಗೆ ತಕರಾರು ಬರೆದು ಕೊಡಬಹುದಿತ್ತು, ಕೊಟ್ಟಿದ್ದರೆ ಅವರು 15 ದಿನದೊಳಗೆ ಉತ್ತರ ಕೊಡಲೇಬೇಕಿತ್ತು. ಒಂದೇ ಗಂಟಿನಲ್ಲಿ ಸಾಲ ತೀರಿಸುವ ಮಾತೂ ಆಡಬಹುದಿತ್ತು. ಆ ದಿನಗಳನ್ನೆಲ್ಲ ಅವನು ನುಂಗಿ ಹಾಕಿದ. ನನಗೆ ಹಣಕ್ಕಿಂತ ಜಾಸ್ತಿ ಹೊಟ್ಟೆ ಉರಿಯುವುದು ಅದಕ್ಕೇ. ಸ್ವಾಧೀನದ ನೋಟಿಸ್ ಬಂದ ಮೇಲೆ ಉಳಿಯುವುದು 45 ದಿನ, ಅರ್ಜಿ ಹಾಕಬೇಕಾದದ್ದು ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ.

ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ಆದಾಯ ಎಷ್ಟಿದ್ದರೂ ವಕೀಲರು ಉಚಿತ. ಪರಿಶಿಷ್ಟ ಜಾತಿ, ಪಂಗಡದವರಿಗೆ, ಅಂಗವಿಕಲರಿಗೂ ಹಾಗೇ. ಉಳಿದವರಿಗೆ ಆದಾಯದ ಮಿತಿ ಇದೆ. 15100ಕ್ಕೆ ಫೋನ್ ಮಾಡಿ ಕೇಳಿ. ಯಾರೇ ಕೇಸ್ ಹಾಕಿದ್ದೀನಿ ಅಂದರೂ ನಂಬರ್ ತಗೊಂಡು ಇ-ಕೋರ್ಟ್ಸ್ ಆ್ಯಪಿನಲ್ಲಿ ನೀವೇ ನೋಡಿ. ನಂಬರ್ ಕೊಡದವನಿಗೆ ಒಂದು ಪೈಸೆಯನ್ನೂ ಕೊಡಬೇಡಿ. ಖಾಲಿ ಕಾಗದಕ್ಕೆ ಸಹಿ ಅಂತೂ ಬೇಡವೇ ಬೇಡ.

ನನ್ನ ಅರ್ಜಿ ಈಗ ನ್ಯಾಯಮಂಡಳಿಗೆ ಹೋಗಿದೆ. ಸಹಿ ಮಾಡಿದ ಆ ಬಾಂಡ್ ಪೇಪರ್ ಅವನು ಇನ್ನೂ ವಾಪಸ್ ಕೊಟ್ಟಿಲ್ಲ, ಪೊಲೀಸರಿಗೆ ದೂರು ಕೊಟ್ಟಿದ್ದೇನೆ. ನವನಗರದಲ್ಲಿ ಇದೇ ರೀತಿ ‘ಸಲಹೆ ಫೀಸು’ ಕಟ್ಟಿದವರು ಇದ್ದರೆ ಸುಮ್ನೆ ಕೂರಬೇಡಿ, ನೀವೂ ದೂರು ಕೊಡಿ.