ವಿಂಡೋಸ್ 10ರ ಬೆಂಬಲ ನಿಂತ ಮೇಲೆ: ಹಳೆ ಲ್ಯಾಪ್‌ಟಾಪಿಗೆ ನಾಲ್ಕು ದಾರಿ, ನಾನು ನೋಡಿದ ಹಾಗೆ

ಮೊದಲೇ ಹೇಳಿಬಿಡುತ್ತೇನೆ, ವಿಂಡೋಸ್ 10 ಇರುವ ಲ್ಯಾಪ್‌ಟಾಪನ್ನು ಗುಜರಿಗೆ ಹಾಕಬೇಡಿ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಅದರ ಬೆಂಬಲ ನಿಲ್ಲಿಸಿತು, ನಿಜ. ಆದರೆ ಮರುದಿನ ಬೆಳಿಗ್ಗೆ ಯಾವ ಕಂಪ್ಯೂಟರೂ ನಿಂತುಹೋಗಲಿಲ್ಲ, ಅಲ್ವಾ? ನಿಂತದ್ದು ಪ್ರತಿ ತಿಂಗಳು ಬರುತ್ತಿದ್ದ ಸೆಕ್ಯುರಿಟಿ ಅಪ್‌ಡೇಟ್. ಅದರ ತೊಂದರೆ ಇವತ್ತು ಕಾಣುವುದಿಲ್ಲ, ನಿಧಾನಕ್ಕೆ ಕಾಣುತ್ತದೆ.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ಡಿಟಿಪಿ ಕೆಲಸ ಮಾಡುವವನು. ಮದುವೆ ಕಾಗದ, ಬ್ರಹ್ಮಕಲಶೋತ್ಸವದ ಆಮಂತ್ರಣ, ಯಕ್ಷಗಾನದ ಹ್ಯಾಂಡ್‌ಬಿಲ್ ಎಲ್ಲ ಕನ್ನಡದಲ್ಲಿ. ಅದೇ ಯಂತ್ರದಲ್ಲಿ ಪಂಚಾಯತಿಗೆ, ವಿಲೇಜ್ ಆಫೀಸಿಗೆ ಕೊಡುವ ಅರ್ಜಿ ಮಲಯಾಳದಲ್ಲಿ. ಇಲ್ಲಿ ಎರಡೂ ಭಾಷೆ ಟೈಪ್ ಮಾಡಲು ಬಾರದಿದ್ದರೆ ಕಂಪ್ಯೂಟರ್ ಇದ್ದೂ ಪ್ರಯೋಜನ ಇಲ್ಲ. ಹಾಗಾಗಿ ನಾನು ನೋಡಿದ್ದು ಯಾವುದು ಚಂದ ಅಂತ ಅಲ್ಲ, ಯಾವುದರಲ್ಲಿ ಈ ಕೆಲಸ ನಿಲ್ಲದೆ ನಡೆಯುತ್ತದೆ ಅಂತ. ಪರೀಕ್ಷೆ ಮಾಡಿದ್ದು ಇಂಟೆಲ್ ಆರನೇ ತಲೆಮಾರಿನ ಐ3 ಇರುವ ಲ್ಯಾಪ್‌ಟಾಪಿನಲ್ಲಿ. ವಿಂಡೋಸ್ 11ಕ್ಕೆ ಇಂಟೆಲ್ ಆದರೆ ಎಂಟನೇ ತಲೆಮಾರು ಬೇಕು, ಜೊತೆಗೆ ಟಿಪಿಎಂ 2.0 ಎಂಬ ಸೆಕ್ಯುರಿಟಿ ಚಿಪ್ ಬೇಕು. ಕೀಬೋರ್ಡ್ ಸರಿ ಇದೆ, ಸ್ಕ್ರೀನ್ ಸರಿ ಇದೆ, ದಿನವಿಡೀ ಕೆಲಸ ಮಾಡುತ್ತದೆ, ಆದರೂ ಮೈಕ್ರೋಸಾಫ್ಟಿನ ಪಟ್ಟಿಯಲ್ಲಿ ಹೆಸರಿಲ್ಲದ ಕಾರಣಕ್ಕೆ ಅದು ಹಳತು. ಇದು ನನಗೆ ಈಗಲೂ ಸರಿ ಕಾಣುವುದಿಲ್ಲ.

ಮೊದಲ ದಾರಿ, ವಿಂಡೋಸ್ 10ರಲ್ಲೇ ಇದ್ದು ಇಎಸ್‌ಯು (ಎಕ್ಸ್‌ಟೆಂಡೆಡ್ ಸೆಕ್ಯುರಿಟಿ ಅಪ್‌ಡೇಟ್ಸ್) ತೆಗೆದುಕೊಳ್ಳುವುದು. ಅಂದರೆ ಇನ್ನೂ ಒಂದು ವರ್ಷ, 2026ರ ಅಕ್ಟೋಬರ್ 13ರ ತನಕ ಸೆಕ್ಯುರಿಟಿ ಅಪ್‌ಡೇಟ್ ಬರುತ್ತದೆ. ಹೊಸ ಸೌಲಭ್ಯ ಏನೂ ಬರುವುದಿಲ್ಲ. ಯಂತ್ರದಲ್ಲಿ 22ಎಚ್2 ಆವೃತ್ತಿ ಇರಬೇಕು, ಮೈಕ್ರೋಸಾಫ್ಟ್ ಅಕೌಂಟ್ ಬೇಕು. ಸೆಟ್ಟಿಂಗ್ಸನ್ನು ಅವರ ಕ್ಲೌಡಿಗೆ ಬ್ಯಾಕಪ್ ಮಾಡಲು ಒಪ್ಪಿದರೆ ದುಡ್ಡಿಲ್ಲ. ಇಲ್ಲವಾದರೆ ಮೈಕ್ರೋಸಾಫ್ಟಿನ 1000 ರಿವಾರ್ಡ್ಸ್ ಪಾಯಿಂಟ್, ಅದೂ ಇಲ್ಲವಾದರೆ 30 ಡಾಲರ್. ಒಂದೇ ಅಕೌಂಟಿನಲ್ಲಿ 10 ಯಂತ್ರಗಳ ತನಕ ಸೇರಿಸಬಹುದು. ಉಚಿತ ದಾರಿ ಹಿಡಿಯುವಾಗ ಒಂದು ಜಾಗ್ರತೆ: ಸೆಟ್ಟಿಂಗ್ಸ್ ಮಾತ್ರ ಆರಿಸಿ, ಡಾಕ್ಯುಮೆಂಟ್, ಫೋಟೋ ಫೋಲ್ಡರುಗಳ ಟಿಕ್ ತೆಗೆಯಿರಿ. ಒನ್‌ಡ್ರೈವ್‌ನಲ್ಲಿ ಉಚಿತ ಜಾಗ 5 ಜಿಬಿ ಮಾತ್ರ. ಒಂದು ಮದುವೆ ಆಲ್ಬಂ ಸಾಕು ಅದು ತುಂಬಲು.

ಕೆಲಸದ ದೃಷ್ಟಿಯಿಂದ ಇದು ಎಲ್ಲಕ್ಕಿಂತ ಸುಲಭ. ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶ ಇದ್ದ ಹಾಗೇ ಇರುತ್ತದೆ, ಪ್ರಿಂಟರ್ ಇದ್ದ ಹಾಗೇ ಇರುತ್ತದೆ, ಡಿಜಿಟಲ್ ಸಹಿಯ ಟೋಕನ್ ಇದ್ದ ಹಾಗೇ ಇರುತ್ತದೆ. ಆದರೆ ಇದು ವಾಯಿದೆ ಮುಂದೂಡಿದ್ದು ಅಷ್ಟೇ. ಆ ವರ್ಷವನ್ನು ಬೇರೆ ದಾರಿ ಕಲಿಯಲು ಬಳಸುವವರಿಗೆ ಮಾತ್ರ ಲಾಭ.

ಏನೂ ಮಾಡದೆ ಸುಮ್ನೆ ಇದ್ದರೆ ಏನಾಗುತ್ತದೆ ಎಂದು ಕೇಳುವವರು ಜಾಸ್ತಿ. ವಿಂಡೋಸಿನದ್ದೇ ಆಂಟಿವೈರಸ್ ಆದ ಡಿಫೆಂಡರಿನ ವೈರಸ್ ಪಟ್ಟಿ 2028ರ ಅಕ್ಟೋಬರ್ ತನಕ ಬರುತ್ತದೆ ಎಂದು ಮೈಕ್ರೋಸಾಫ್ಟ್ ಹೇಳಿದೆ, ಅದನ್ನು ಹಿಡಿದು ಕೆಲವರು ಧೈರ್ಯ ಹೇಳುತ್ತಾರೆ. ವೈರಸ್ ಪಟ್ಟಿ ಬೇರೆ, ಸಿಸ್ಟಮ್ಮಿನ ತೂತು ಮುಚ್ಚುವುದು ಬೇರೆ. 2017ರ ಮೇ ತಿಂಗಳ ವಾನ್ನಕ್ರೈ, ಕಡತಗಳಿಗೆ ಬೀಗ ಹಾಕಿ ದುಡ್ಡು ಕೇಳುತ್ತಿದ್ದ ವೈರಸ್, ನೆನಪಿದೆಯಲ್ಲ? ತೂತು ಮುಚ್ಚುವ ಅಪ್‌ಡೇಟ್ ಮಾರ್ಚಿನಲ್ಲೇ ಬಂದಿತ್ತು. ಹಾಕಿಕೊಳ್ಳದ ಯಂತ್ರಗಳಿಗೆ ಹೊಡೆತ ಬಿತ್ತು, ಕೇರಳದಲ್ಲೇ ವಯನಾಡು, ಪತ್ತನಂತಿಟ್ಟ ಕಡೆಯ ಪಂಚಾಯತಿ ಕಚೇರಿಗಳ ಕಂಪ್ಯೂಟರುಗಳೂ ಸಿಕ್ಕಿಬಿದ್ದವು. ಇನ್ನೊಂದು, ಹಳೆ ಸಿಸ್ಟಮ್ ಕೈಕೊಡುವುದು ಹೆಚ್ಚಾಗಿ ಬ್ರೌಸರಿನ ಮೂಲಕ. ವಿಂಡೋಸ್ 7ಕ್ಕೆ ಬೆಂಬಲ ನಿಂತದ್ದು 2020ರ ಜನವರಿಯಲ್ಲಿ. ಜನ ಬಳಸುತ್ತಲೇ ಇದ್ದರು. 2023ರಲ್ಲಿ ಕ್ರೋಮ್ 109ಕ್ಕೆ ನಿಂತಿತು, 110 ಅದರಲ್ಲಿ ಹಾಕಲು ಆಗಲಿಲ್ಲ. ಆಮೇಲೆ ಒಂದೊಂದೇ ಸೈಟು ಹಳೆ ಬ್ರೌಸರನ್ನು ಒಳಗೆ ಬಿಡುವುದು ನಿಲ್ಲಿಸುತ್ತದೆ. ವಿಂಡೋಸ್ 10ಕ್ಕೂ ಆ ದಿನ ಬಂದೇ ಬರುತ್ತದೆ.

ಎರಡನೇ ದಾರಿ, ಒತ್ತಾಯದಿಂದ ವಿಂಡೋಸ್ 11 ಹಾಕುವುದು. ರೂಫಸ್ ಎಂಬ ಸಣ್ಣ ತಂತ್ರಾಂಶದಲ್ಲಿ ಪೆನ್‌ಡ್ರೈವ್ ತಯಾರು ಮಾಡುವಾಗಲೇ ಟಿಪಿಎಂ ತಪಾಸಣೆ ತೆಗೆಯುವ ಆಯ್ಕೆ ಇದೆ. ಹಾಕಿದೆ, ಹತ್ತಿತು, ನಡೆಯಿತು. ನೋಡಲು ಚಂದವೇ. ಆದರೆ ಇಂಥ ಯಂತ್ರಕ್ಕೆ ಅಪ್‌ಡೇಟ್ ಕೊಡುವ ಬಾಧ್ಯತೆ ತಮಗಿಲ್ಲ ಎಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ. ದೊಡ್ಡ ವಾರ್ಷಿಕ ಅಪ್‌ಡೇಟ್ ತಾನಾಗಿ ಬರುವುದಿಲ್ಲ, ಪ್ರತಿ ಸಲ ಅದೇ ಕಸರತ್ತು. ಇನ್ನೂ ಹಳೆಯ ಕೋರ್ 2 ಡ್ಯುಯೊ ಇದ್ದರೆ ಆಸೆಯೇ ಬೇಡ, ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಮುಂದೆ ಅದು ಬೂಟ್ ಕೂಡ ಆಗುವುದಿಲ್ಲ, ಪ್ರೊಸೆಸರಿನಲ್ಲಿ ಬೇಕಾದ ಸೂಚನೆಗಳೇ ಇಲ್ಲ. ಗಿರಾಕಿಯ ಕೆಲಸ ಇರುವ ಯಂತ್ರದಲ್ಲಿ ಇದನ್ನು ನಂಬಿ ಕೂರಲು ನನಗೆ ಮನಸ್ಸಿಲ್ಲ. ನಾಲ್ಕರಲ್ಲಿ ಕೊನೆಯ ಸ್ಥಾನ ಇದಕ್ಕೆ.

ಮೂರನೇ ದಾರಿ, ವಿಂಡೋಸ್ ಬದಲು ಹಾಕುವ ಕ್ರೋಮ್ಓಎಸ್ ಫ್ಲೆಕ್ಸ್, ಅದರ ಬಗ್ಗೆ ಜಾಸ್ತಿ ಹೇಳಲಿಕ್ಕಿಲ್ಲ. ಗೂಗಲ್ ಉಚಿತವಾಗಿ ಕೊಡುತ್ತದೆ, 4 ಜಿಬಿ ರಾಮಿನಲ್ಲಿ ಹಗುರವಾಗಿ ಓಡುತ್ತದೆ, ಬೇಗ ತೆರೆಯುತ್ತದೆ. ಬ್ರೌಸರ್, ಯೂಟ್ಯೂಬ್, ವಿದೇಶದಲ್ಲಿರುವ ಮಕ್ಕಳ ಜೊತೆ ವಿಡಿಯೋ ಕಾಲ್ ಇಷ್ಟೇ ಬೇಕಾದ ಅಪ್ಪ ಅಮ್ಮಂದಿರಿಗೆ ಒಳ್ಳೆಯದು. ಆದರೆ ಪ್ಲೇ ಸ್ಟೋರ್ ಇಲ್ಲ, ಮೊಬೈಲಿನ ಆ್ಯಪ್ ಹಾಕಬಹುದೆಂದು ಎಣಿಸಬೇಡಿ. ನುಡಿ ಅದರಲ್ಲಿ ಹಾಕಲು ಆಗುವುದಿಲ್ಲ. ಮಳೆಗಾಲದಲ್ಲಿ ಕರೆಂಟು ಹೋಗಿ ನೆಟ್ ಹೋದಾಗ ನಮ್ಮಲ್ಲಿ ಅದು ಅರ್ಧ ಯಂತ್ರ.

ಇನ್ನು ನಾಲ್ಕನೇ ದಾರಿ, ವಿಂಡೋಸ್ ಬದಲು ಉಚಿತವಾಗಿ ಹಾಕಬಹುದಾದ ಲಿನಕ್ಸ್ ಮಿಂಟ್ ಎಂಬ ಸಿಸ್ಟಮ್. ಇದರ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕು, ಯಾಕೆಂದರೆ ನಮ್ಮ ಜಿಲ್ಲೆಯವರಿಗೆ ಇದು ಪರಕೀಯ ಅಲ್ಲವೇ ಅಲ್ಲ, ಆದರೂ ಹೆದರುತ್ತೇವೆ. ಕೇರಳದ ಶಾಲೆಗಳಲ್ಲಿ ಐಟಿ ಪಾಠ ನಡೆಯುವುದೇ ಉಬುಂಟು ಎಂಬ ಲಿನಕ್ಸನ್ನು ಆಧರಿಸಿ ಸರಕಾರದ ಕೈಟ್ ಸಂಸ್ಥೆ ತಯಾರಿಸಿದ ಸಿಸ್ಟಮ್ಮಿನಲ್ಲಿ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ, ಲಿಬ್ರೆಆಫೀಸ್, ಜಿಂಪ್, ಇಂಕ್‌ಸ್ಕೇಪ್ ಅವರಿಗೆ ನೀರು ಕುಡಿದಷ್ಟು ಸುಲಭ. ಮಿಂಟ್ 22 ಕೂಡ ಉಬುಂಟು 24.04ರ ಮೇಲೆ ನಿಂತಿದೆ. ನಾನು ಹಾಕಿದ ದಿನ ಹೈಸ್ಕೂಲಿನ ಮಗಳು ಬಂದು ಕೂತಳು, ಏನನ್ನೂ ಕೇಳದೆ ಕೆಲಸ ಶುರು ಮಾಡಿದಳು. ಮನೆಯಲ್ಲಿ ಹೇಳಿಕೊಡುವವರು ಇದ್ದಾರೆ ಮಾರಾಯ್ರೆ, ಕೇಳಿದರೆ ಆಯಿತು.

ಹಳೆ ಲ್ಯಾಪ್‌ಟಾಪಿಗೆ ಎಕ್ಸ್‌ಎಫ್‌ಸಿಇ ಆವೃತ್ತಿ ತೆಗೆದುಕೊಳ್ಳಿ, ಅದು ಹಗುರ. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದರೆ ಅದೇ ಯಂತ್ರವೇ ಇದು ಅಂತ ನಂಬಲು ಕಷ್ಟ ಆಗುತ್ತದೆ. ಬೆಂಬಲ 2029ರ ತನಕ ಇದೆ. ಹೌದು, ಲಿನಕ್ಸಿಗೂ ಕೊನೆ ದಿನಾಂಕ ಇದೆ, ಅದನ್ನು ಮುಚ್ಚಿಡುವುದು ತಪ್ಪು. ವ್ಯತ್ಯಾಸ ಇಷ್ಟೇ, ಅಲ್ಲಿಂದ ಮುಂದಿನ ಆವೃತ್ತಿಗೆ ಹೋಗಲು ದುಡ್ಡೂ ಬೇಡ, ಟಿಪಿಎಂ ಚಿಪ್ಪೂ ಬೇಡ.

ಕನ್ನಡ ಟೈಪಿಂಗ್ ನನಗೆ ದೊಡ್ಡ ಪ್ರಶ್ನೆಯಾಗಿತ್ತು. ನುಡಿಯಲ್ಲಿ ಬೆರಳು ಪಳಗಿದವರಿಗೆ ಹೊಸ ಕೀಲಿಮಣೆ ಕಲಿಯುವುದು ದೊಡ್ಡ ಕಷ್ಟ. ಅದರ ಅಗತ್ಯವೇ ಬೀಳಲಿಲ್ಲ. ಕೀಬೋರ್ಡ್ ಸೆಟ್ಟಿಂಗ್ಸಿನಲ್ಲಿ ಭಾರತದ ಪಟ್ಟಿಯೊಳಗೆ ನುಡಿಯದೇ ಕೀಲಿ ವಿನ್ಯಾಸವಾದ ಕನ್ನಡ ಕಗಪ ಎಂದೇ ಇದೆ, ಅದೇ ಬೆರಳು, ಅದೇ ಜಾಗ. 'ಬದಿಯಡ್ಕ' ಎಂದು ಹೊಡೆದು ನೋಡಿದೆ: ಡಕಾರಕ್ಕೆ ಡಬ್ಲ್ಯೂ, ಒತ್ತಿಗೆ ಎಫ್, ಆಮೇಲೆ ಕೆ, ಒತ್ತಕ್ಷರ ಸರಿಯಾಗಿ ಕೆಳಗೆ ಕೂತಿತು. ಅದರ ಪಕ್ಕದಲ್ಲೇ ಮಲಯಾಳಂ ಇನ್‌ಸ್ಕ್ರಿಪ್ಟ್ ಕೀಲಿಮಣೆ ಸೇರಿಸಿದೆ. ಕೀಲಿ ಒತ್ತಿದರೆ ಇಂಗ್ಲಿಷ್, ಕನ್ನಡ, ಮಲಯಾಳಂ ಸರತಿಯಲ್ಲಿ ಬರುತ್ತವೆ. ಒಂದೇ ಕಡತದಲ್ಲಿ ಮೇಲೆ ಕನ್ನಡದ ವಿಳಾಸ, ಕೆಳಗೆ ಮಲಯಾಳದ ಅರ್ಜಿ ಬರೆಯುವವರಿಗೆ ಇದು ಎಷ್ಟು ದೊಡ್ಡ ಸಮಾಧಾನ ಎಂದು ಗಡಿಯಲ್ಲಿ ಇರುವವರಿಗೇ ಗೊತ್ತು. ಗುಬ್ಬಿ, ನವಿಲು ಫಾಂಟುಗಳನ್ನು ಅಲ್ಲಿಂದಲೇ ಹಾಕಿಕೊಳ್ಳಬಹುದು.

ತೊಂದರೆ ಇರುವುದು ಹಳೆ ಕಡತಗಳಲ್ಲಿ. ವರ್ಷಗಳಿಂದ ಪುಟ ಜೋಡಿಸುವ ಪೇಜ್‌ಮೇಕರ್ ತಂತ್ರಾಂಶದಲ್ಲಿ ಮಾಡಿಟ್ಟ ಆಮಂತ್ರಣಗಳೆಲ್ಲ ನುಡಿಯ ಆಸ್ಕಿ ಫಾಂಟಿನಲ್ಲಿವೆ, ಅಂದರೆ ಯೂನಿಕೋಡಿಗಿಂತ ಹಿಂದಿನ ಪದ್ಧತಿಯಲ್ಲಿ. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ, ಅದೇ ಕೊನೆ. ಮಿಂಟಿನಲ್ಲಿ ಆ ಕಡತ ತೆರೆಯುವ ಆಸೆ ಬಿಡಿ. ಪಠ್ಯವನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಇವೆ, ಆದರೆ ಬದಲಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನು ಕಣ್ಣಿಟ್ಟು ಓದಲೇಬೇಕು. ದೇವಸ್ಥಾನದ ಆಮಂತ್ರಣದಲ್ಲಿ ತಂತ್ರಿಗಳ ಹೆಸರು ತಪ್ಪಿದರೆ ಊರಿಡೀ ಉತ್ತರ ಕೊಡಬೇಕಾಗುತ್ತದೆ. ಹೊಸ ಕೆಲಸಕ್ಕೆ ಪುಟ ಜೋಡಿಸುವ ಉಚಿತ ತಂತ್ರಾಂಶ ಸ್ಕ್ರೈಬಸ್ 1.6 ಬಳಸುತ್ತಿದ್ದೇನೆ, ಕನ್ನಡ ಯೂನಿಕೋಡ್ ಸರಿಯಾಗಿ ಮೂಡುತ್ತದೆ, ಆದರೆ ಪೇಜ್‌ಮೇಕರಿನ ವೇಗ ಕೈಗೆ ಬರಲು ಸಮಯ ಹಿಡಿಯುತ್ತದೆ.

ಹಾಗಾಗಿ ನನ್ನಲ್ಲಿ ಈಗಿನ ವ್ಯವಸ್ಥೆ ಹೀಗಿದೆ. ದಿನದ ಕೆಲಸದ ಲ್ಯಾಪ್‌ಟಾಪಿನಲ್ಲಿ ಮಿಂಟ್. ಪೇಜ್‌ಮೇಕರಿಗಾಗಿ ಹಳೆ ಡೆಸ್ಕ್‌ಟಾಪ್ ಒಂದರಲ್ಲಿ ವಿಂಡೋಸ್ ಹಾಗೇ ಇದೆ, ಅದಕ್ಕೆ ನೆಟ್ ತಂತಿಯೇ ಇಲ್ಲ. ಕಡತ ಪೆನ್‌ಡ್ರೈವಿನಲ್ಲಿ ಹೋಗಿ ಬರುತ್ತದೆ, ಬಂದದ್ದನ್ನು ಮಿಂಟಿನಲ್ಲೇ ಮೊದಲು ತೆರೆದು ನೋಡುತ್ತೇನೆ. ಡಿಜಿಟಲ್ ಸಹಿ, ಟ್ಯಾಕ್ಸ್ ಫೈಲಿಂಗ್ ಇರುವವರು ಇಎಸ್‌ಯು ತೆಗೆದುಕೊಂಡು ವಿಂಡೋಸ್ 10ರಲ್ಲೇ ಇರಲಿ, ಅಷ್ಟರೊಳಗೆ ಹೊಸ ಯಂತ್ರಕ್ಕೆ ದುಡ್ಡು ಕೂಡಿಡಲಿ. ಅಡಿಕೆ ಲೆಕ್ಕ, ಬ್ಯಾಂಕು, ಮಕ್ಕಳ ಪಾಠ ಇಷ್ಟಿದ್ದರೆ ಮಿಂಟ್ ಸಾಕು, ಹೊಸ ಲ್ಯಾಪ್‌ಟಾಪ್ ಬೇಡವೇ ಬೇಡ.

ಹಾಕುವ ಮೊದಲು ಪೆನ್‌ಡ್ರೈವಿನಿಂದಲೇ ಮಿಂಟ್ ಓಡಿಸಿ ನೋಡಿ, ಡಿಸ್ಕಿಗೆ ಏನೂ ಆಗುವುದಿಲ್ಲ. ಆಗ ವೈಫೈ ಸಿಗುತ್ತದೆಯಾ, ಧ್ವನಿ ಬರುತ್ತದೆಯಾ ನೋಡಿ, ಮುಖ್ಯವಾಗಿ ನಿಮ್ಮ ಪ್ರಿಂಟರಿನಲ್ಲಿ ಒಂದು ಹಾಳೆ ಕನ್ನಡ ಪ್ರಿಂಟ್ ತೆಗೆಯಿರಿ. ಹಳೆ ಲೇಸರ್ ಪ್ರಿಂಟರುಗಳಲ್ಲಿ ಕೆಲವಕ್ಕೆ ಲಿನಕ್ಸ್ ಡ್ರೈವರ್ ಸಿಗುವುದೇ ಕಷ್ಟ, ನನ್ನ ಎರಡರಲ್ಲಿ ಒಂದು ಕೂಡಲೇ ಹಿಡಿಯಿತು, ಇನ್ನೊಂದು ಈಗಲೂ ಡೆಸ್ಕ್‌ಟಾಪಿಗೇ ಜೋಡಿಸಿದೆ.