ಬ್ರೆಸ್ಟ್ ಲಂಪ್ ಚಾರ್ಟ್‌ಗೆ ಸಿ50 ಹಾಕುವ ಮುನ್ನ

ಅಮೆರಿಕದ ಔಟ್‌ಪೇಷೆಂಟ್ ಚಾರ್ಟ್ (ರೋಗಿಯ ದಾಖಲೆ) ಓದಿ ಇನ್ಶೂರೆನ್ಸ್ ಕ್ಲೇಮ್‌ಗೆ ರೋಗದ ಕೋಡ್ (ಐಸಿಡಿ-10-ಸಿಎಂ) ಹಾಕುವ ನಮ್ಮ ಬೆಂಗಳೂರು, ಮೈಸೂರಿನ ಟೀಮುಗಳಿಗೆ ಈ ಎಚ್ಚರಿಕೆ. ಆಡಿಟ್‌ನಲ್ಲಿ ಸಿಕ್ಕಿಬಿದ್ದ ಚಾರ್ಟ್ ಹೀಗಿತ್ತು: ಎಡ ಸ್ತನದ 10 ಗಂಟೆ ಜಾಗದಲ್ಲಿ 2 ಸೆಂ.ಮೀ. ಗಂಟು, ಬೈರಾಡ್ಸ್ (ಸ್ತನ ಸ್ಕ್ಯಾನ್ ವರದಿಯ ದರ್ಜೆ) 4, ‘ರೂಲ್ ಔಟ್ ಮ್ಯಾಲಿಗ್ನೆನ್ಸಿ’ (ಕ್ಯಾನ್ಸರ್ ಅಲ್ಲವೆಂದು ಖಚಿತಪಡಿಸಿಕೊಳ್ಳಬೇಕು), ಬಯಾಪ್ಸಿ ಆಗಬೇಕು. ಕೋಡರ್ ಹಾಕಿದ್ದು ಸಿ50.412. ಸಿ50 ಎಂದರೆ ಸ್ತನ ಕ್ಯಾನ್ಸರ್, .412 ಎಂದರೆ ಎಡ ಸ್ತನದ ಮೇಲಿನ ಹೊರಭಾಗ. ಕ್ಲೇಮ್ ಪಾಸಾಯಿತು, ದುಡ್ಡೂ ಬಂತು. ಆಮೇಲೆ ಬಯಾಪ್ಸಿಯಲ್ಲಿ ಬಂದದ್ದು ಫೈಬ್ರೊಅಡಿನೋಮ, ಕ್ಯಾನ್ಸರ್ ಅಲ್ಲದ ಗಡ್ಡೆ. ಅಷ್ಟರಲ್ಲಿ ಆಕೆಯ ಇನ್ಶೂರೆನ್ಸ್ ದಾಖಲೆಯಲ್ಲಿ ಸ್ತನ ಕ್ಯಾನ್ಸರ್ ಸೇರಿಹೋಗಿತ್ತು.

ಇಲ್ಲಿ ತಪ್ಪು ಒಂದಲ್ಲ, ಎರಡು. ಔಟ್‌ಪೇಷೆಂಟ್‌ನಲ್ಲಿ ಪ್ರಾಬಬಲ್, ಸಸ್ಪೆಕ್ಟೆಡ್, ರೂಲ್ ಔಟ್ ಎಂದು ಬರೆದದ್ದನ್ನು ರೋಗವೆಂದು ಕೋಡ್ ಮಾಡುವಂತಿಲ್ಲ. ಕಂಡ ಲಕ್ಷಣವನ್ನೇ ಮಾಡಬೇಕು. ಆಸ್ಪತ್ರೆ ಇನ್‌ಪೇಷೆಂಟ್ ಚಾರ್ಟ್‌ನಲ್ಲಿ ಡಿಸ್ಚಾರ್ಜ್ ಹೊತ್ತಿಗೂ ‘ಪ್ರಾಬಬಲ್’ ಎಂದೇ ಉಳಿದಿದ್ದರೆ ಇದೆ ಎಂದೇ ಕೋಡ್ ಮಾಡುತ್ತೇವೆ. ಆ ಟೀಮಿನಿಂದ ಬಂದವರ ಕೈ ಜಾರುವುದು ಇಲ್ಲೇ. ಬೈರಾಡ್ಸ್ 4 ಕೂಡ ಅನುಮಾನವಷ್ಟೇ, ಡಯಾಗ್ನೋಸಿಸ್ ಅಲ್ಲ.

ಎರಡನೆಯದು ಗಡಿಯಾರ. ರೋಗಿಯ ಎದುರು ನಿಂತು ಸ್ತನವನ್ನು ಗಡಿಯಾರದ ಮುಖವೆಂದುಕೊಂಡು ಜಾಗ ಹೇಳುತ್ತಾರೆ. 10 ಗಂಟೆ ಬಲ ಸ್ತನದಲ್ಲಿ ಮೇಲಿನ ಹೊರಭಾಗ, ಎಡದಲ್ಲಿ ಮೇಲಿನ ಒಳಭಾಗ. ಹಾಗಾಗಿ ಸರಿಯಾದ ಕೋಡ್ ಎನ್63.22; ಎನ್63 ಎಂದರೆ ಸ್ತನದ ಗಂಟು. ಎನ್63 ಒಂದೇ ಹಾಕಿದರೆ 2017ರ ಅಕ್ಟೋಬರ್‌ನಿಂದ ನಡೆಯುವುದಿಲ್ಲ. ಬಲಕ್ಕೆ 63.11ರಿಂದ 63.14, ಎಡಕ್ಕೆ 63.21ರಿಂದ 63.24, ಮೇಲಿನ ಹೊರ, ಮೇಲಿನ ಒಳ, ಕೆಳಗಿನ ಹೊರ, ಕೆಳಗಿನ ಒಳ, ಇದೇ ಕ್ರಮ. 12 ಗಂಟೆಯಂತೆ ಎರಡು ಭಾಗಗಳ ಗಡಿಯಲ್ಲಿದ್ದರೆ 63.15 ಅಥವಾ 63.25. ಕಂಕುಳ ಕಡೆಯ ಬಾಲಕ್ಕೆ 63.3, ತೊಟ್ಟಿನ ಕೆಳಗೆ 63.4, ಎರಡರಲ್ಲೂ ಕೊನೆಯ ಅಂಕಿ 1 ಬಲ, 2 ಎಡ. ಎರಡೂ ಸ್ತನಗಳಲ್ಲಿದ್ದರೆ ಎರಡು ಕೋಡ್. ಡಾಕ್ಟರ್ ಬದಿಯನ್ನೇ ಬರೆಯದಿದ್ದರೆ 63.0 (ಯಾವ ಸ್ತನವೆಂದು ಹೇಳದ ಕೋಡ್) ಹಾಕಿ ಕೈತೊಳೆದುಕೊಳ್ಳಬೇಡಿ, ಡಾಕ್ಟರನ್ನು ಕೇಳಿ ಕ್ವೆರಿ ಕಳಿಸಿ.

ಕ್ಯಾನ್ಸರ್ ಕೋಡ್ ಬೇಡವೆಂದು ಡಿ49.3ಕ್ಕೆ (ಸ್ವಭಾವ ನಮೂದಿಸದ ಸ್ತನ ನಿಯೋಪ್ಲಾಸಂ, ಅಂದರೆ ಗಡ್ಡೆ) ಹೋಗುವವರೂ ಇದ್ದಾರೆ. ‘ಮಾಸ್’ (ಗಂಟು) ಎಂದಷ್ಟೇ ಬರೆದರೆ ನಿಯೋಪ್ಲಾಸಂ ಆಗುವುದಿಲ್ಲ. ಡಿ48.6 ಅಂತೂ ಪೆಥಾಲಜಿಸ್ಟ್ ನೋಡಿಯೂ ಸ್ವಭಾವ ಖಚಿತವಾಗದ ಗಡ್ಡೆಗೆ ಮಾತ್ರ. ಪೆಥಾಲಜಿ ವರದಿ ಬಾರದಿದ್ದರೆ ಆ ಕೋಡ್ ಹಾಕುವ ಪ್ರಶ್ನೆಯೇ ಇಲ್ಲ. ಕೋಡ್ ಮಾಡುವ ಹೊತ್ತಿಗೆ ಅಂತಿಮ ವರದಿ ಕೈಯಲ್ಲಿದ್ದರೆ ಖಚಿತವಾದ ರೋಗವನ್ನೇ ಹಾಕಿ: ಫೈಬ್ರೊಅಡಿನೋಮಕ್ಕೆ ಬಲ ಡಿ24.1, ಎಡ ಡಿ24.2.

ಮೆಡಿಕೇರ್ ಅಡ್ವಾಂಟೇಜ್ (ಖಾಸಗಿ ಕಂಪನಿಗಳು ನಡೆಸುವ ಅಮೆರಿಕ ಸರ್ಕಾರಿ ವಿಮೆ) ರೋಗಿಯಾದರೆ ಸಿ50 ಒಂದರಿಂದಲೇ ರಿಸ್ಕ್ ಸ್ಕೋರ್ (ರೋಗಗಳ ಆಧಾರದ ಮೇಲೆ ಪ್ಲಾನ್‌ಗೆ ಹಣ ನಿಗದಿ ಮಾಡುವ ಅಂಕ) ಏರಿ, ಪ್ಲಾನ್‌ಗೆ ಬಂದ ಹೆಚ್ಚುವರಿ ಹಣ ಹಿಂತಿರುಗಿಸಬೇಕಾಗುತ್ತದೆ. ಕ್ಲೇಮ್ ತಿದ್ದಿ ಕಳಿಸಿದರೂ ಕ್ಲಿನಿಕ್‌ನ ಪ್ರಾಬ್ಲೆಮ್ ಲಿಸ್ಟ್‌ಗೆ (ರೋಗಿಯ ಕಾಯಿಲೆಗಳ ಪಟ್ಟಿಗೆ) ಆ ಕ್ಯಾನ್ಸರ್ ಸೇರಿದ್ದರೆ ತಾನಾಗಿ ಅಳಿಯದು. ಅದನ್ನು ತೆಗೆಯಲು ಡಾಕ್ಟರ ಕಚೇರಿಗೆ ಬೇರೆಯಾಗಿ ಬರೆಯಬೇಕು.